ಮನೆಯೇ ಅಚ್ಚುಕೂಟ

1980ರ ದಶಕದ ಜಪಾನಿನಲ್ಲಿ ಡಿಸೆಂಬರ್ ಅರ್ಧ ಕಳೆಯಿತೆಂದರೆ ಎಷ್ಟೋ ಮನೆಗಳ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆಗಳು ಹರಡಿಕೊಳ್ಳುತ್ತಿದ್ದವು. ನಡುವೆ ಬಾಯಿ ತೆರೆದು ಮುಚ್ಚುವ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಸುತ್ತ ಬಣ್ಣದ ಟ್ಯೂಬುಗಳು, ಪಕ್ಕದಲ್ಲಿ ಒಂದು ಕಟ್ಟು ಖಾಲಿ ಅಂಚೆ ಕಾರ್ಡು. ಅಪ್ಪನೋ ಅಮ್ಮನೋ ಪೆಟ್ಟಿಗೆಯ ಮುಚ್ಚಳವನ್ನು ಎರಡೂ ಕೈಯಿಂದ ಅದುಮಿದ ಕೂಡಲೇ ಫಟ್ಟೆಂದು ಸದ್ದಾಗಿ ಕೋಣೆಯೆಲ್ಲ ಬೆಳಕು ಮಿಂಚುತ್ತಿತ್ತು. ಮಕ್ಕಳಿಗೆ ಹಬ್ಬ ಶುರುವಾಗುತ್ತಿದ್ದದ್ದೇ ಆ ಮಿಂಚಿನಿಂದ. ಅಲ್ಲಿಂದ ಮುಂದೆ ರಾತ್ರಿ ಮಲಗುವವರೆಗೂ ಆ ಮನೆ ಒಂದು ಸಣ್ಣ ಅಚ್ಚುಕೂಟ.

ಪೆಟ್ಟಿಗೆಯ ಹೆಸರು ಪ್ರಿಂಟ್ ಗೊಕ್ಕೊ. ರಿಸೊ ಕಗಾಕು ಎಂಬ ಕಂಪನಿ 1977ರಲ್ಲಿ ಮಾರುಕಟ್ಟೆಗೆ ಬಿಟ್ಟ ಈ ಯಂತ್ರ, ತಯಾರಿಕೆ ನಿಲ್ಲುವ ಹೊತ್ತಿಗೆ ಒಂದು ಕೋಟಿಗೂ ಮೀರಿ ಮಾರಾಟವಾಗಿತ್ತು. ಮಕ್ಕಳ ಅಂಗಡಿಯಾಟ, ಡಾಕ್ಟರಾಟಗಳಿಗೆ ಜಪಾನಿನಲ್ಲಿ ಗೊಕ್ಕೊ ಎನ್ನುತ್ತಾರೆ, ಇದು ಅಚ್ಚುಕೂಟದಾಟ. ಆದರೆ ಆಡುತ್ತಿದ್ದವರಲ್ಲಿ ಹೆಚ್ಚಿನವರು ದೊಡ್ಡವರು, ಮತ್ತು ಆಟದ ಹಿಂದಿದ್ದದ್ದು ಸಾಕಷ್ಟು ಗಂಭೀರವಾದ ಒಂದು ಬಾಕಿ. ಜನವರಿ ಒಂದರ ಬೆಳಿಗ್ಗೆ ಬಂಧುಗಳು, ಮೇಷ್ಟ್ರು, ಆಫೀಸಿನ ಹಿರಿಯರು, ಬಿಟ್ಟುಬಂದ ಬೀದಿಯ ನೆರೆಯವರು, ಹತ್ತು ವರ್ಷದಿಂದ ಮುಖ ನೋಡದ ಸಹಪಾಠಿಗಳು, ಇವರೆಲ್ಲರ ಮನೆಗೂ ನೆಂಗಾಜೊ, ಅಂದರೆ ಹೊಸ ವರ್ಷದ ಶುಭಾಶಯದ ಕಾರ್ಡು ತಲುಪಬೇಕು. ಒಂದೊಂದು ಮನೆಯಿಂದ ನೂರು, ಕೆಲವೆಡೆ ಇನ್ನೂರು. ಅಷ್ಟನ್ನೂ ಕೈಯಲ್ಲೇ ಬರೆಯಲು ಆಗದು. ಪ್ರೆಸ್ಸಿಗೆ ಕೊಟ್ಟು ಹೊಡೆಸಿದರೆ ಮನಸ್ಸಿಗೆ ಒಗ್ಗದು. ಈ ಎರಡರ ನಡುವಿನ ಸಂದಿಯಲ್ಲೇ ಜಪಾನಿನ ಮನೆಮುದ್ರಣದ ಇತಿಹಾಸ ಬೆಳೆದಿದೆ.

ಹೊಸ ವರ್ಷದ ಮೊದಲ ದಿನಗಳಲ್ಲಿ ಹಿರಿಯರ, ಗುರುಗಳ, ಒಡೆಯರ ಮನೆಗೆ ಖುದ್ದಾಗಿ ಹೋಗಿ ತಲೆಬಾಗಿ ಬರುವುದು ಅಲ್ಲಿನ ಹಳೆಯ ಪದ್ಧತಿ. ಹೋಗಲಾಗದಷ್ಟು ದೂರದವರಿಗೆ ಪತ್ರ. 11ನೆಯ ಶತಮಾನದ ವಿದ್ವಾಂಸ ಫುಜಿವಾರ ನೊ ಅಕಿಹಿರ ಕೂಡಿಸಿದ ಮಾದರಿ ಪತ್ರಗಳ ಸಂಗ್ರಹದಲ್ಲೇ ಹೊಸ ವರ್ಷದ ಒಕ್ಕಣೆ ಸಿಗುತ್ತದೆ. ಅದು ಆಸ್ಥಾನದವರ ಮಾತು. ಚಿತ್ರ ಅಚ್ಚು ಹಾಕಿ ಸ್ನೇಹಿತರಿಗೆ ಹಂಚುವ ಗೀಳು ಶುರುವಾಗಿದ್ದು ಬಹಳ ತಡವಾಗಿ, ಎದೊ ಪಟ್ಟಣದಲ್ಲಿ. ಇಂದಿನ ಟೋಕಿಯೊ ಅದೇ.

ಆಗ ಜಪಾನಿನಲ್ಲಿ ನಡೆಯುತ್ತಿದ್ದದ್ದು ನಮ್ಮ ಪಂಚಾಂಗಕ್ಕೆ ಹತ್ತಿರದ ಲೆಕ್ಕ. ಚಾಂದ್ರಮಾನ ತಿಂಗಳು, ಆಗೀಗ ಒಂದು ಅಧಿಕ ಮಾಸ. ತಿಂಗಳಲ್ಲಿ 30 ದಿನವಿದ್ದರೆ ಅದು ದೊಡ್ಡದು, 29 ಇದ್ದರೆ ಚಿಕ್ಕದು. ಯಾವುದು ದೊಡ್ಡದು ಯಾವುದು ಚಿಕ್ಕದು ಎಂಬುದು ವರ್ಷ ವರ್ಷಕ್ಕೂ ಬೇರೆ. ಸಾಲ ವಸೂಲಿ ತಿಂಗಳ ಕೊನೆಗೆ ಆಗುತ್ತಿದ್ದುದರಿಂದ ಇದು ಗೊತ್ತಿಲ್ಲದೆ ವರ್ತಕನಿಗೆ ದಿನ ಸಾಗದು. ಆದರೆ ಪಂಚಾಂಗ ಅಚ್ಚು ಹಾಕುವ ಹಕ್ಕು ಪರವಾನಗಿ ಇದ್ದವರಿಗೆ ಮಾತ್ರ. ಹಾಗಾಗಿ ಕವಿತೆ ಕಟ್ಟುವ ಹವ್ಯಾಸದ, ಕೈಯಲ್ಲಿ ನಾಲ್ಕು ಕಾಸಿದ್ದ ಸಮುರಾಯ್‌ಗಳೂ ವರ್ತಕರೂ ಕೂಡಿ ಒಂದು ಉಪಾಯ ಹೂಡಿದರು: ಚಿತ್ರದೊಳಗೆ ತಿಂಗಳ ಲೆಕ್ಕ ಬಚ್ಚಿಟ್ಟು, ಖಾಸಗಿಯಾಗಿ ಅಚ್ಚು ಹಾಕಿಸಿ, ಹೊಸ ವರ್ಷದ ಕೂಟದಲ್ಲಿ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವುದು. ಎಗೊಯೊಮಿ ಎಂಬ ಈ ಚಿತ್ರಪಂಚಾಂಗಗಳ ಹುಚ್ಚು 1765ರಲ್ಲಿ ನೆತ್ತಿಗೇರಿತು.

ಆ ವರ್ಷ ಸುಜುಕಿ ಹರುನೊಬು ಬರೆದ ಒಂದು ಚಿತ್ರ ಇಂದಿಗೂ ಪ್ರಸಿದ್ಧ. ಇದ್ದಕ್ಕಿದ್ದಂತೆ ಮಳೆ ಸುರಿಯುತ್ತಿದೆ. ಒಣಹಾಕಿದ ಬಟ್ಟೆ ತೆಗೆಯಲು ಹೆಣ್ಣೊಬ್ಬಳು ಓಡಿಬಂದಿದ್ದಾಳೆ; ಓಡುವ ಭರದಲ್ಲಿ ಒಂದು ಕಾಲಿನ ಮರದ ಚಪ್ಪಲಿ ಕಳಚಿಬಿದ್ದಿದೆ. ಗಳುವಿನ ಮೇಲೆ ಗಾಳಿಗೆ ಹಾರಾಡುವ ಕಿಮೋನೊದ ಚಿತ್ತಾರವನ್ನು ದಿಟ್ಟಿಸಿದರೆ ಅದು ಹೂಬಳ್ಳಿಯಲ್ಲ, ಅಕ್ಷರ. ಆ ವರ್ಷದ ಹೆಸರು, ಮೇವಾ 2. ಜೊತೆಗೆ ಆ ವರ್ಷದ ದೊಡ್ಡ ತಿಂಗಳುಗಳು: 2, 3, 5, 6, 8, 10. ಚಿತ್ರ ಪಡೆದವರು ಹುಡುಕಿ ಓದಿಕೊಳ್ಳಬೇಕು, ಓದಿ ಭೇಷ್ ಎನ್ನಬೇಕು.

ಇಂಥ ಕೂಟಗಳ ಮುಂದಾಳುಗಳಲ್ಲಿ ಓಕುಬೊ ತದನೊಬು ಎಂಬ ಸಮುರಾಯ್ ಒಬ್ಬ. ಕ್ಯೊಸೆನ್ ಎಂಬುದು ಅವನ ಕಾವ್ಯನಾಮ. ನನ್ನದು ನಿನ್ನದಕ್ಕಿಂತ ಚೆಂದ ಎಂಬ ಪೈಪೋಟಿ ಬಿದ್ದಾಗ ಇವರು ಖರ್ಚಿಗೆ ಹಿಂದೆಮುಂದೆ ನೋಡಲಿಲ್ಲ. ಎರಡು ಮೂರು ಬಣ್ಣಕ್ಕೇ ನಿಂತಿದ್ದ ಮರದಚ್ಚಿನ ಕಸುಬು, ಬಣ್ಣಕ್ಕೊಂದು ಹಲಗೆ ಕೆತ್ತಿ, ಎಲ್ಲವನ್ನೂ ಕೂದಲೆಳೆ ತಪ್ಪದಂತೆ ಒಂದರ ಮೇಲೊಂದು ಕೂರಿಸುವ ಮಟ್ಟಕ್ಕೆ ಬಂದದ್ದು ಈ ಹಣದ ಬಲದಿಂದ. ಪ್ರಕಾಶಕರು ಸುಮ್ಮನಿರಲಿಲ್ಲ, ಅದೇ ಹಲಗೆಗಳಿಂದ ತಿಂಗಳ ಗುರುತು ಕೆರೆದು ತೆಗೆದು, ಚಿತ್ರವನ್ನು ಅಂಗಡಿಯಲ್ಲಿ ಮಾರಿದರು. ನಿಶಿಕಿ-ಎ ಎಂದು ಹೆಸರಾದ ಬಹುವರ್ಣದ ಮರದಚ್ಚಿನ ಚಿತ್ರ, ಮುಂದೆ ಉತಾಮಾರೊ, ಹೊಕುಸಾಯ್, ಹಿರೊಶಿಗೆಯವರಿಂದ ಲೋಕವೇ ಬಲ್ಲಂತಾದ ಕಲೆ, ಬೇರು ಬಿಟ್ಟದ್ದು ಹೊಸ ವರ್ಷಕ್ಕೆ ಗೆಳೆಯರಿಗೆ ಹಂಚುವ ಒಂದು ಹಾಳೆಯಲ್ಲಿ. ಕಲೆಯ ಚರಿತ್ರೆಯ ಪುಸ್ತಕಗಳು ಇದನ್ನು ಅಡಿಟಿಪ್ಪಣಿಗೆ ತಳ್ಳುವುದು ಅನ್ಯಾಯ.

ಶ್ರೀಮಂತರ ಈ ಚಪಲವನ್ನು ಬಡವರ ಮನೆಗೂ ತಂದದ್ದು ಅಂಚೆ. ಮಾಎಜಿಮ ಹಿಸೊಕ ಎಂಬ ಅಧಿಕಾರಿ 1871ರಲ್ಲಿ ಹೊಸ ಅಂಚೆ ವ್ಯವಸ್ಥೆ ಆರಂಭಿಸಿದರು. ಒಂದು ಯೆನ್ ಅಂಚೆಚೀಟಿಯ ಮೇಲಿರುವ ಮುಖ ಅವರದೇ. 1873ರ ಡಿಸೆಂಬರ್‌ನಲ್ಲಿ ಅಂಚೆ ಕಾರ್ಡು ಬಂತು. ಚಾಂದ್ರಮಾನ ಬಿಟ್ಟು ಜನವರಿ ಒಂದನ್ನೇ ಹೊಸ ವರ್ಷವೆಂದು ಸರ್ಕಾರ ಒಪ್ಪಿಕೊಂಡದ್ದೂ ಅದೇ 1873ರಲ್ಲಿ. ಅಗ್ಗದ ಕಾರ್ಡು, ನಿಗದಿಯಾದ ದಿನ; ಇನ್ನೇನು ಬೇಕು. ಒಂದೂವರೆ ದಶಕದಲ್ಲಿ ಹೊಸ ವರ್ಷದ ಕಾರ್ಡು ಕಳಿಸುವುದು ಊರೂರಿನ ರೂಢಿಯಾಯಿತು. ಜನವರಿ ಒಂದರ ಮುದ್ರೆ ಬೀಳಲಿ ಎಂದು ಎಲ್ಲರೂ ಒಟ್ಟಿಗೇ ಡಬ್ಬಿಗೆ ಹಾಕತೊಡಗಿ ಅಂಚೆ ಮನೆಗಳು ಕಾರ್ಡಿನ ರಾಶಿಯಲ್ಲಿ ಹೂತುಹೋದವು. ಕೊನೆಗೆ 1899ರಲ್ಲಿ ಇಲಾಖೆಯೇ ದಾರಿ ಹುಡುಕಿತು. ಡಿಸೆಂಬರ್‌ನಲ್ಲೇ ಕಾರ್ಡು ಪಡೆದು, ಜನವರಿ ಒಂದರ ಮುದ್ರೆ ಒತ್ತಿ, ಆ ದಿನ ಬೆಳಿಗ್ಗೆ ಹಂಚುವ ವಿಶೇಷ ಏರ್ಪಾಡು. ಮೊದಲು ಕೆಲವು ಅಂಚೆ ಕಚೇರಿಗಳಲ್ಲಿ, ಆಮೇಲೆ ದೇಶದಾದ್ಯಂತ. ಇಂದಿಗೂ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು ಮನೆಗೆ ಬರುವುದು ಆ ದಿನವೇ. ಹಂಚುವವರಲ್ಲಿ ರಜೆಯ ಕೂಲಿಗೆ ಬಂದ ಹೈಸ್ಕೂಲು ಹುಡುಗರು ಬಹಳ ಮಂದಿ.

ಕಾರ್ಡು ಸರ್ಕಾರದ್ದಾಯಿತು. ಅದರ ಖಾಲಿ ಬೆನ್ನಿನ ಮೇಲೆ ಏನು ಹಾಕುವುದು? ಕುಂಚ ಹಿಡಿಯಬಲ್ಲವರು ಬರೆದರು. ಉಳಿದವರು ಅಡುಗೆಮನೆ ಕಡೆ ನೋಡಿದರು. ಆಲೂಗಡ್ಡೆಯನ್ನೋ ಸಿಹಿಗೆಣಸನ್ನೋ ಅಡ್ಡಕ್ಕೆ ಕತ್ತರಿಸಿ, ನೀರು ಒರೆಸಿ, ಚಾಕುವಿನಿಂದ ಆ ವರ್ಷದ ಪ್ರಾಣಿಯನ್ನು ಕೆತ್ತುವುದು. ಇಲಿ, ಎತ್ತು, ಹುಲಿ, ಮೊಲ ಎಂದು ಹನ್ನೆರಡು ಪ್ರಾಣಿಗಳ ಚಕ್ರ ಇರುವುದರಿಂದ ಏನು ಚಿತ್ರ ಬರೆಯಲಿ ಎಂಬ ಚಿಂತೆಯೇ ಇಲ್ಲ. ಅಕ್ಷರವನ್ನು ಮಾತ್ರ ತಿರುವುಮುರುವಾಗಿ ಕೆತ್ತಬೇಕು. ಮರೆತು ನೇರ ಕೆತ್ತಿದರೆ ಕಾರ್ಡಿನ ಮೇಲೆ ಅದು ಬೆನ್ನು ತೋರಿಸಿ ನಿಲ್ಲುತ್ತದೆ. ಗೆಡ್ಡೆ ಒಣಗಿ ಸುಕ್ಕಾಗುವ ಮುನ್ನ ಅಷ್ಟೂ ಕಾರ್ಡು ಮುಗಿಯಬೇಕು. ಇಮೊಬಾನ್ ಎಂಬ ಈ ಗೆಡ್ಡೆಯಚ್ಚು ಎಷ್ಟು ಒರಟೋ ಅಷ್ಟೇ ಜನಪ್ರಿಯ.

ಮರದ ಹಲಗೆ ಕೆತ್ತುವವರ ಮಟ್ಟ ಇನ್ನೊಂದು ಮೆಟ್ಟಿಲು ಮೇಲೆ. ಮಕ್ಕಳ ಪುಸ್ತಕಗಳ ಚಿತ್ರಕಾರ ತಕೆಯಿ ತಕೆಒ 1935ರಲ್ಲಿ ಒಂದು ವಿನಿಮಯ ಕೂಟ ಕಟ್ಟಿದರು. ಸದಸ್ಯರಾದವರು ತಾವೇ ಕೆತ್ತಿ ತಾವೇ ಅಚ್ಚು ಹಾಕಿದ ಹೊಸ ವರ್ಷದ ಕಾರ್ಡನ್ನು ಉಳಿದ ಎಲ್ಲ ಸದಸ್ಯರಿಗೂ ಕಳಿಸಬೇಕು. ಪ್ರತಿಯಾಗಿ ಎಲ್ಲರ ಕಾರ್ಡೂ ಬರುತ್ತದೆ. ಯುದ್ಧದ ವರ್ಷಗಳನ್ನೂ ದಾಟಿಕೊಂಡು ಕೂಟ 1950ರ ದಶಕದವರೆಗೆ ಬಾಳಿತು. ಅಲ್ಲಿ ಹವ್ಯಾಸಿಗಳೂ ಹೆಸರಾಂತ ಕಲಾವಿದರೂ ಒಂದೇ ಸಾಲಿನಲ್ಲಿ ಕೂತವರು.

ಯುದ್ಧ ಬಿರುಸಾದಾಗ ಸರ್ಕಾರ ಹೊಸ ವರ್ಷದ ಅಂಚೆಯ ವಿಶೇಷ ಏರ್ಪಾಡನ್ನು ನಿಲ್ಲಿಸಿತು. ಅದು ಮತ್ತೆ ಶುರುವಾದದ್ದು 1948ರಲ್ಲಿ. ಊರುಗಳು ಸುಟ್ಟುಹೋಗಿದ್ದವು, ವಿಳಾಸಗಳು ಅಳಿಸಿಹೋಗಿದ್ದವು. ಯಾರು ಬದುಕಿದ್ದಾರೆ, ಯಾರಿಲ್ಲ ಎಂಬುದೇ ಗೊತ್ತಿಲ್ಲದ ಕಾಲ. ಹಯಾಶಿ ಮಸಾಜಿ ಎಂಬ, ಸರ್ಕಾರಕ್ಕೂ ಅಂಚೆಗೂ ಸಂಬಂಧವೇ ಇಲ್ಲದ ವ್ಯಾಪಾರಿಗೆ ಒಂದು ಯೋಚನೆ ಬಂತು. ಹೊಸ ವರ್ಷದ ಕಾರ್ಡು ಮತ್ತೆ ಓಡಾಡತೊಡಗಿದರೆ ಜನ ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಾರೆ. ಕಾರ್ಡಿಗೊಂದು ಲಾಟರಿ ನಂಬರು ಹಾಕಿದರೆ ಅದು ಓಡಾಡಿಯೇ ತೀರುತ್ತದೆ. ಅವರು ತಾವೇ ಮಾದರಿ ಕಾರ್ಡು ತಯಾರಿಸಿ, ಬಹುಮಾನದ ಪಟ್ಟಿ ಬರೆದು, ಪ್ರಚಾರದ ಪೋಸ್ಟರನ್ನೂ ಮಾಡಿಕೊಂಡು ಟೋಕಿಯೊದ ಮಂತ್ರಾಲಯಕ್ಕೆ ಹೋಗಿ ನಿಂತರು. ಹೊಟ್ಟೆಗೆ ಹಿಟ್ಟಿಲ್ಲದ ಹೊತ್ತಿನಲ್ಲಿ ಇದೆಂಥ ಮಾತು ಎಂಬ ಆಕ್ಷೇಪವನ್ನು ದಾಟಿ ಯೋಜನೆ ಒಪ್ಪಿಗೆ ಪಡೆಯಿತು. 1949ರ ಡಿಸೆಂಬರ್‌ನಲ್ಲಿ ಲಾಟರಿ ಕಾರ್ಡು ಮಾರಾಟಕ್ಕೆ ಬಂತು. ಮೊದಲ ವರ್ಷದ ವಿಶೇಷ ಬಹುಮಾನ ಹೊಲಿಗೆ ಯಂತ್ರ. ಅದರ ಕೆಳಗೆ ಸೂಟಿಗೆ ಆಗುವ ಉಣ್ಣೆ ಬಟ್ಟೆ, ಮಕ್ಕಳ ಬೇಸ್‌ಬಾಲ್ ಗ್ಲೌಸು, ಮಕ್ಕಳ ಕೊಡೆ. ಆ ಪಟ್ಟಿಯೊಂದನ್ನು ಓದಿದರೆ ಸಾಕು, 1949ರ ಜಪಾನಿನ ಮನೆಯಲ್ಲಿ ಏನೇನಿರಲಿಲ್ಲ ಎಂದು ಗೊತ್ತಾಗುತ್ತದೆ.

ಈ ಲಾಟರಿಯಲ್ಲಿ ಒಂದು ಚೆಂದದ ತಿರುವಿದೆ: ಟಿಕೆಟ್ಟು ಕೊಂಡವನಿಗೆ ಬಹುಮಾನವಿಲ್ಲ, ಕಾರ್ಡು ಪಡೆದವನಿಗೆ. ಹಾಗಾಗಿ ಯಾರೂ ಬಂದ ಕಾರ್ಡನ್ನು ಬಿಸಾಡುವುದಿಲ್ಲ. ಜನವರಿಯಲ್ಲಿ ನಂಬರು ಪ್ರಕಟವಾಗುವವರೆಗೂ ಜೋಪಾನ.

ಕಾರ್ಡಿನ ಸಂಖ್ಯೆ ಏರಿದಷ್ಟೂ ಗೆಡ್ಡೆ, ಹಲಗೆ ಸಾಲದಾದವು. ಆಗ ಮನೆಗಳಿಗೆ ಶಾಲೆಯ ಯಂತ್ರದ ಮೇಲೆ ಕಣ್ಣು ಬಿತ್ತು. ಶಿಗಾ ಪ್ರಾಂತದ ಹೊರಿಯಿ ಶಿಂಜಿರೊ ಎಂಬವರು ಅಮೆರಿಕಕ್ಕೆ ಹೋಗಿ ಎಡಿಸನ್ ಹೆಸರಿನ ಮಿಮಿಯೋಗ್ರಾಫ್ ನೋಡಿ ಬಂದು, 1894ರಲ್ಲಿ ಜಪಾನಿನ ಲಿಪಿಗೆ ಒಗ್ಗುವ ನಕಲು ಯಂತ್ರ ತಯಾರಿಸಿದ್ದರು. ನಮ್ಮ ಕಚೇರಿ, ಶಾಲೆಗಳಲ್ಲಿ ಸೈಕ್ಲೋಸ್ಟೈಲ್ ಎನ್ನುತ್ತಿದ್ದೆವಲ್ಲ, ಅದರ ದಾಯಾದಿ. ಮೇಣದ ಹಾಳೆಯನ್ನು ಅರದಂಥ ತಗಡಿನ ಮೇಲಿಟ್ಟು ಉಕ್ಕಿನ ಕಡ್ಡಿಯಿಂದ ಗೀಚಿದರೆ ಗರಗರ ಸದ್ದು. ಜನ ಅದಕ್ಕೆ ಗರಿಬಾನ್ ಎಂದೇ ಹೆಸರಿಟ್ಟರು. ಟೈಪ್‌ರೈಟರಿಗೆ ಸಿಗದ ಸಾವಿರಾರು ಅಕ್ಷರಗಳ ಲಿಪಿಗೆ ಇದು ವರವಾಯಿತು. ಪ್ರಶ್ನೆಪತ್ರಿಕೆ, ಸಂಘದ ಕರಪತ್ರ, ನಾಟಕದ ಪ್ರತಿ ಎಲ್ಲವೂ ಇದರಲ್ಲೇ.

1946ರಲ್ಲಿ ಇಂಥದೇ ಗರಿಬಾನ್ ಕೆಲಸದ ಒಂದು ಪುಟ್ಟ ಅಂಗಡಿ ತೆರೆದವರು ಹಯಾಮಾ ನೊಬೊರು. ಅಂಗಡಿಗೆ ರಿಸೊ, ಅಂದರೆ ಆದರ್ಶ ಎಂದು ಹೆಸರು. ಸೋತು ಸುಣ್ಣವಾದ ದೇಶದಲ್ಲಿ ಆ ಹೆಸರಿಡಲು ಧೈರ್ಯ ಬೇಕು. ಶಾಯಿಯ ಕಾಟಕ್ಕೆ ಬೇಸತ್ತು 1954ರಲ್ಲಿ ಸ್ವಂತ ಎಮಲ್ಷನ್ ಶಾಯಿ ತಯಾರಿಸಿದರು, ಅಂಗಡಿ ಕಂಪನಿಯಾಯಿತು. ಅವರ ಕಂಪನಿಗೆ ಎರಡು ವಿದ್ಯೆ ಕೈವಶವಾಗಿತ್ತು: ಒಳ್ಳೆಯ ಶಾಯಿ, ಮತ್ತು ಬಿಸಿಗೆ ಕರಗಿ ತೂತಾಗುವ ಹಾಳೆ. ಈ ಎರಡನ್ನೂ ಊಟದ ಮೇಜಿನ ಅಳತೆಗೆ ಇಳಿಸಿದ್ದೇ ಪ್ರಿಂಟ್ ಗೊಕ್ಕೊ.

ಅದು ಕೆಲಸ ಮಾಡುತ್ತಿದ್ದ ಬಗೆ ಹೀಗೆ. ಮೊದಲು ಅಂಚೆ ಕಾರ್ಡಿನ ಅಳತೆಯ ಬಿಳಿ ಹಾಳೆಯಲ್ಲಿ ಇಂಗಾಲವಿರುವ ಕಪ್ಪು ಪೆನ್ನಿನಿಂದ ಚಿತ್ರ ಬರೆಯಬೇಕು. ಜೆರಾಕ್ಸ್ ಪ್ರತಿಯಾದರೂ ನಡೆಯುತ್ತದೆ, ಅದರ ಪುಡಿಯಲ್ಲೂ ಇಂಗಾಲವಿದೆ. ಅದನ್ನು ಯಂತ್ರದ ಮೆತ್ತೆಯ ಮೇಲಿಟ್ಟು, ಮುಚ್ಚಳಕ್ಕೆ ಮಾಸ್ಟರ್ ಸಿಕ್ಕಿಸುವುದು. ಮಾಸ್ಟರ್ ಎಂದರೆ ರಟ್ಟಿನ ಚೌಕಟ್ಟಿಗೆ ಬಿಗಿದ ತೆಳುಬಲೆ, ಬಲೆಗೆ ಅಂಟಿದ ಇನ್ನೂ ತೆಳುವಾದ ಪ್ಲಾಸ್ಟಿಕ್ ಪೊರೆ. ಮೇಲೆ ದೀಪದ ಗೂಡು. ಅದರಲ್ಲಿ ಹಳೆಯ ಕ್ಯಾಮೆರಾಗಳಲ್ಲಿ ಇರುತ್ತಿದ್ದಂಥ ಎರಡು ಫ್ಲಾಶ್ ಬಲ್ಬು. ಮುಚ್ಚಳ ಅದುಮಿದರೆ ಬ್ಯಾಟರಿಯ ಸಂಪರ್ಕ ಕೂಡಿ ಬಲ್ಬುಗಳು ಒಂದೇ ಸಲ ಹೊತ್ತಿಕೊಳ್ಳುತ್ತವೆ. ಬಿಳಿ ಕಾಗದ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪು ಗೆರೆಯ ಇಂಗಾಲ ಹೀರಿಕೊಂಡು ಬಿಸಿಯಾಗುತ್ತದೆ. ಗೆರೆ ತಾಗಿದ ಕಡೆಯಲ್ಲೆಲ್ಲ ಪೊರೆ ಕರಗಿ ಸಣ್ಣ ತೂತು ಬೀಳುತ್ತದೆ. ಚಿತ್ರವೇ ಜರಡಿಯಾಯಿತು. ಬಲ್ಬಿನ ಆಯುಸ್ಸು ಆ ಒಂದು ಮಿಂಚಿಗೆ ಮಾತ್ರ. ಒಳಗೆಲ್ಲ ಬೆಳ್ಳಗೆ ಮಂಕಾಗಿ, ಮುಟ್ಟಿದರೆ ಬಿಸಿ ಇನ್ನೂ ಆರಿರುವುದಿಲ್ಲ.

ನಿಜವಾದ ಮೋಜು ಆಮೇಲೆ. ಮಾಸ್ಟರಿನ ಮೇಲಿನ ಪಾರದರ್ಶಕ ಹಾಳೆ ಎತ್ತಿ, ಟ್ಯೂಬಿನಿಂದ ಶಾಯಿಯನ್ನು ನೇರ ಬಲೆಯ ಮೇಲೇ ಹಿಂಡಬೇಕು. ಸೂರ್ಯನಿದ್ದ ಕಡೆ ಕೆಂಪು, ಬೆಟ್ಟಕ್ಕೆ ನೀಲಿ, ಅಕ್ಷರಕ್ಕೆ ಕಪ್ಪು. ಎರಡು ಬಣ್ಣ ಕೂಡಿಹೋಗದಂತೆ ನಡುವೆ ಸ್ಪಂಜಿನ ಪಟ್ಟಿಯನ್ನು ಕತ್ತರಿಸಿ ಬೇಲಿ ಹಾಕುವುದು. ಹೊಸ ಕಾರ್ಡು ಇಟ್ಟು ಮುಚ್ಚಳ ಒತ್ತಿ ಎತ್ತಿದರೆ ಎಲ್ಲ ಬಣ್ಣವೂ ಒಂದೇ ಏಟಿಗೆ. ಎದೊ ಕಾಲದಲ್ಲಿ ಬಣ್ಣಕ್ಕೊಂದು ಹಲಗೆ ಬೇಕಿತ್ತು. ಇಲ್ಲಿ ಬೇಲಿಯೊಂದಿದ್ದರೆ ಸಾಕು. ಒಮ್ಮೆ ಹಿಂಡಿದ ಶಾಯಿಗೆ ಹತ್ತಾರು ಕಾರ್ಡು ಧಾರಾಳ. ಮೊದಮೊದಲ ಕಾರ್ಡಿನಲ್ಲಿ ಬಣ್ಣ ಬೇರೆಬೇರೆಯಾಗಿ ನಿಂತಿದ್ದರೆ, ಕೊನೆಯ ಹೊತ್ತಿಗೆ ಕೆಂಪು ಬೇಲಿಯ ಅಡಿಯಿಂದ ನೀಲಿಗೆ ನುಸುಳಿ ಸಂಜೆಯ ನೇರಳೆಯಾಗಿರುತ್ತಿತ್ತು. ಯಾವೆರಡು ಕಾರ್ಡೂ ಒಂದೇ ಥರ ಇಲ್ಲ. ಅಂದದ ಕಾರ್ಡು ಮೇಷ್ಟ್ರಿಗೆ, ಕಲಸಿಹೋದದ್ದು ತಮ್ಮನಂಥವರಿಗೆ ಎಂಬ ವಿಂಗಡಣೆಯೂ ಅಲ್ಲೇ ಮುಗಿಯುತ್ತಿತ್ತು.

ಎಣ್ಣೆಶಾಯಿ ಬೇಗ ಒಣಗದು. ಚಿಕ್ಕ ಮನೆಯ ಚಾಪೆ, ಕಿಟಕಿಯಂಚು, ಟಿವಿಯ ನೆತ್ತಿ, ಎಲ್ಲೆಲ್ಲೂ ಕಾರ್ಡು. ಬೆಕ್ಕಿರುವ ಮನೆಯವರ ಪಾಡು ಕೇಳುವುದೇ ಬೇಡ. ಕೆಟ್ಟುಹೋದ ಸರ್ಕಾರಿ ಕಾರ್ಡನ್ನು ಸಣ್ಣ ಶುಲ್ಕ ತೆತ್ತರೆ ಅಂಚೆ ಕಚೇರಿಯಲ್ಲಿ ಬದಲಿಸಿಕೊಡುತ್ತಿದ್ದರು ಎಂಬುದೊಂದೇ ಸಮಾಧಾನ.

1987ರಲ್ಲಿ ಒಂದೇ ವರ್ಷ 7 ಲಕ್ಷ 20 ಸಾವಿರ ಪ್ರಿಂಟ್ ಗೊಕ್ಕೊ ಮಾರಾಟವಾದವು. ಅದೇ ತುದಿ. ಇಳಿಜಾರಿಗೆ ತಳ್ಳಿದ ಕೈಗಳು ಆಗಲೇ ಮನೆಯೊಳಗೆ ಬಂದಿದ್ದವು. ತೋಷಿಬಾ 1978ರಲ್ಲಿ ಪ್ರಕಟಿಸಿದ ಜೆಡಬ್ಲ್ಯೂ-10 ಎಂಬ ಮೊದಲ ಜಪಾನಿ ವರ್ಡ್ ಪ್ರಾಸೆಸರ್ ಒಂದು ಮೇಜಿನಷ್ಟು ದೊಡ್ಡದು, ಬೆಲೆ 63 ಲಕ್ಷ ಯೆನ್. ಏಳೆಂಟು ವರ್ಷದೊಳಗೆ ಅದೇ ಕೆಲಸದ ಯಂತ್ರ ಮಡಿಲ ಮೇಲೆ ಕೂರುವಂತಾಗಿ ಗೃಹಸ್ಥರ ಕೈಗೆಟುಕಿತು. ಅದು ಚಿತ್ರದಲ್ಲಿ ಗೊಕ್ಕೊವಿನ ಸಮಕ್ಕೆ ಬರಲಿಲ್ಲ. ಗೆದ್ದದ್ದು ಕಾರ್ಡಿನ ಇನ್ನೊಂದು ಮುಖದಲ್ಲಿ. ನೂರಾರು ವಿಳಾಸವನ್ನು ನೆಟ್ಟಗೆ, ಮೇಲಿಂದ ಕೆಳಕ್ಕೆ, ಕೈ ನೋಯದೆ ಅಚ್ಚು ಹಾಕಿಕೊಟ್ಟಿತು.

ಇನ್ನು ಚಿತ್ರದ ಮುಖ. 1994ರ ಕೊನೆಗೆ ಸೇಕೊ ಎಪ್ಸನ್ 720 ಡಿಪಿಐ ಬಣ್ಣದ ಇಂಕ್‌ಜೆಟ್ ಪ್ರಿಂಟರನ್ನು ಒಂದು ಲಕ್ಷ ಯೆನ್‌ಗಿಂತ ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು. ಮಗುವಿನ ಫೋಟೊವನ್ನೇ ಕಾರ್ಡಿನ ಮೇಲೆ ಇಳಿಸಬಹುದಾದ ಮೇಲೆ ಸ್ಪಂಜಿನ ಬೇಲಿ ಯಾರಿಗೆ ಬೇಕು? ಎಪ್ಸನ್, ಕ್ಯಾನನ್‌ಗಳ ವರ್ಷದ ಪೈಪೋಟಿಯೆಲ್ಲ ಡಿಸೆಂಬರ್‌ಗೆ ಬಂದು ನಿಂತಿತು. ಫುದೆಮಾಮೆ, ಫುದೆಒ ಎಂಬ ವಿಳಾಸದ ಸಾಫ್ಟ್‌ವೇರುಗಳು ಆ ತಿಂಗಳು ಅಂಗಡಿಯ ಮುಂದಿನ ಕಪಾಟಿಗೆ ಬರುತ್ತಿದ್ದವು. ಪುಸ್ತಕದಂಗಡಿಗಳಲ್ಲಿ ಸಾವಿರಾರು ಚಿತ್ರ ತುಂಬಿದ ಸಿಡಿ ಅಂಟಿಸಿಕೊಂಡ ದಪ್ಪ ಪುಸ್ತಕಗಳು. ಅಂಚೆ ಇಲಾಖೆಯೂ ಇಂಕ್‌ಜೆಟ್‌ಗೆಂದೇ ಲೇಪ ಹಚ್ಚಿದ ಕಾರ್ಡು ಹೊರಡಿಸಿತು. ಗೊಕ್ಕೊವನ್ನೇ ನೆಚ್ಚಿದವರಿಗೆ ಇಲ್ಲೊಂದು ಪೇಚಾಟ: ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ಇಂಕ್‌ಜೆಟ್‌ನಲ್ಲಿ ತೆಗೆದ ಹಾಳೆ ಗೊಕ್ಕೊವಿಗೆ ಕಾಣಿಸದು. ಬಣ್ಣದ ಶಾಯಿಯಲ್ಲಿ ಇಂಗಾಲವಿಲ್ಲ. ಮತ್ತೆ ಜೆರಾಕ್ಸ್ ಅಂಗಡಿಗೇ ಹೋಗಬೇಕು.

ಎರಡೂ ಮುಖ ಯಂತ್ರದ ಪಾಲಾದ ಮೇಲೆ ಕಾರ್ಡಿನಲ್ಲಿ ಕಳಿಸಿದವರ ಗುರುತು ಎಲ್ಲಿ ಉಳಿಯಿತು? ಒಂದೇ ಒಂದು ಸಾಲಿನಲ್ಲಿ. ಅಚ್ಚಾದ ಶುಭಾಶಯದ ಕೆಳಗೋ ಪಕ್ಕದಲ್ಲೋ ಪೆನ್ನಿನಿಂದ ಬರೆದ ಸೊಎಗಾಕಿ, ಅಂದರೆ ಕೂಡಿಸಿ ಬರೆದ ಮಾತು. ಗೆಡ್ಡೆಯಚ್ಚಿನ ಕಾಲದಲ್ಲಿ ಅದಿಲ್ಲದಿದ್ದರೂ ನಡೆಯುತ್ತಿತ್ತು. ಕೆತ್ತಿದ ಕೈ ಕಾಣುತ್ತಿತ್ತಲ್ಲ. ಗೊಕ್ಕೊವಿನ ಕಾರ್ಡಿನಲ್ಲೂ ಕಲಸಿದ ಬಣ್ಣವೇ ಸಾಕ್ಷಿ. ಇಂಕ್‌ಜೆಟ್ ಬಂದು ಎಲ್ಲವೂ ಚೊಕ್ಕವಾದಾಗಲೇ ಆ ಒಂದು ಸಾಲಿಗೆ ಎಲ್ಲಿಲ್ಲದ ತೂಕ ಬಂತು. ಶಿಷ್ಟಾಚಾರದ ಪುಸ್ತಕಗಳು ಕೈಬರಹದ ಒಂದು ಮಾತಾದರೂ ಇರಲಿ ಎಂದು ಒತ್ತಿ ಹೇಳತೊಡಗಿದವು. ಸಿಡಿಯ ಸಿದ್ಧ ಚಿತ್ರಗಳು ಒಂದು ಮೂಲೆಯನ್ನು ಖಾಲಿ ಬಿಟ್ಟೇ ಬರುತ್ತಿದ್ದವು.

ಆ ಮೂಲೆಯಲ್ಲಿ ಜನ ಬರೆಯುವುದೇನು? ಹೆಚ್ಚಿನವರದು ಒಂದೇ ಮಾತು: ಈ ವರ್ಷವಾದರೂ ಒಮ್ಮೆ ಭೇಟಿಯಾಗೋಣ. ಗೆಳೆಯರಾದರೆ, ಈ ವರ್ಷವಾದರೂ ಒಟ್ಟಿಗೆ ಕೂತು ಕುಡಿಯೋಣ. ವರ್ಷ ವರ್ಷವೂ ಅದೇ ಇಬ್ಬರು ಅದೇ ಮಾತನ್ನು ಒಬ್ಬರಿಗೊಬ್ಬರು ಬರೆದುಕೊಂಡು, ಒಮ್ಮೆಯೂ ಭೇಟಿಯಾಗದೆ ನಿವೃತ್ತರಾದ ಕಥೆಗಳನ್ನು ಜಪಾನೀಯರೇ ನಗುತ್ತಾ ಹೇಳಿಕೊಳ್ಳುತ್ತಾರೆ. ಹಾಗೆಂದು ಆ ಸಾಲು ಸುಳ್ಳಲ್ಲ. ಇಬ್ಬರೂ ಬದುಕಿದ್ದಾರೆ, ವಿಳಾಸ ಬದಲಾಗಿಲ್ಲ, ಅಕ್ಷರ ಇನ್ನೂ ನಡುಗುತ್ತಿಲ್ಲ ಎಂಬ ಮೂರು ಸುದ್ದಿ ಅದರಲ್ಲಿದೆ.

ಬರೆಯಲು ಒಂದಷ್ಟು ಮಡಿಯೂ ಉಂಟು. ಹಿಂದಿನ ವರ್ಷ ಎನ್ನಲು ಅಗಲಿಕೆಯ ಅರ್ಥವಿರುವ ಅಕ್ಷರ ಬಳಸಬಾರದು, ಬೇರೆ ಅಕ್ಷರವಿದೆ. ಶುಭಾಶಯದ ವಾಕ್ಯಕ್ಕೆ ಪೂರ್ಣವಿರಾಮ ಹಾಕುವುದಿಲ್ಲ, ಮುಗಿಯಿತು ಎಂದಾಗಬಾರದಲ್ಲ. ಎರಡೇ ಅಕ್ಷರದ ಚುಟುಕು ಒಕ್ಕಣೆ ಸಮಾನರಿಗೆ, ಕಿರಿಯರಿಗೆ; ಹಿರಿಯರಿಗೆ ನಾಲ್ಕಕ್ಷರದ್ದು. ಆ ವರ್ಷ ಸಾವಾದ ಮನೆಯವರು ಕಾರ್ಡು ಕಳಿಸುವುದಿಲ್ಲ. ನಮಗೆ ಸೂತಕ, ಈ ಸಲ ಕ್ಷಮಿಸಿ ಎಂದು ಡಿಸೆಂಬರ್ ಮೊದಲ ವಾರದೊಳಗೆ ಬೂದು ಬಣ್ಣದ ಇನ್ನೊಂದು ಕಾರ್ಡು ಹೋಗುತ್ತದೆ. ಗೊಕ್ಕೊವಿಗೆ ಶಾಯಿ ಹಿಂಡುವ ಮೊದಲು ಆ ಬೂದು ಕಾರ್ಡುಗಳನ್ನು ನೋಡಿ ಪಟ್ಟಿಯಿಂದ ಹೆಸರು ತೆಗೆಯುವುದು ಮನೆಯ ಹೆಂಗಸರ ಕೆಲಸವಾಗಿತ್ತು. ತಪ್ಪಿದರೆ ಮುಜುಗರ.

2004ರ ಹೊಸ ವರ್ಷಕ್ಕೆಂದು ಅಂಚೆಯವರು ಹೊರಡಿಸಿದ ಕಾರ್ಡುಗಳು ಸುಮಾರು 446 ಕೋಟಿ. ತೊಟ್ಟಿಲ ಕೂಸನ್ನೂ ಸೇರಿಸಿ ತಲೆಗೆ 35. ಆ ಎತ್ತರವನ್ನು ಮತ್ತೆ ಮುಟ್ಟಲಿಲ್ಲ. ಇಮೇಲು, ಮೊಬೈಲು ಬಂದವು. ಡಿಸೆಂಬರ್ 31ರ ನಡುರಾತ್ರಿ ಎಲ್ಲರೂ ಒಟ್ಟಿಗೇ ಶುಭಾಶಯ ಕಳಿಸಿ ಜಾಲ ಕಟ್ಟಿಕೊಂಡಾಗ, ಆ ಹೊತ್ತಿನಲ್ಲಿ ಫೋನು, ಸಂದೇಶ ಬೇಡ ಎಂದು ಕಂಪನಿಗಳೇ ಕೈಮುಗಿಯಬೇಕಾಯಿತು. ಹೆಚ್ಚು ಮಾತಾಗದ ಇನ್ನೊಂದು ಕಾರಣವಿದೆ. 2005ರ ಏಪ್ರಿಲ್‌ನಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಪೂರ್ತಿ ಜಾರಿಯಾದ ಮೇಲೆ ಶಾಲೆಗಳೂ ಕಚೇರಿಗಳೂ ವಿಳಾಸದ ಪಟ್ಟಿ ಹಂಚುವುದನ್ನು ಬಿಟ್ಟವು. ವಿಳಾಸವೇ ಗೊತ್ತಿಲ್ಲದ ಮೇಲೆ ಕಾರ್ಡೆಲ್ಲಿಂದ?

ಪ್ರಿಂಟ್ ಗೊಕ್ಕೊವಿನ ಮಾರಾಟ 2008ರ ಜೂನ್‌ಗೆ ನಿಂತಿತು. ನಿಲ್ಲಿಸುವ ಸುದ್ದಿ ಮೊದಲು ಬಂದಾಗ ಗದ್ದಲ ಎಬ್ಬಿಸಿದವರಲ್ಲಿ ಅಮೆರಿಕದ ಕೈಕಸುಬಿನವರೂ ಇದ್ದರು. ಮದುವೆ ಕರೆಯೋಲೆ, ಬಟ್ಟೆ ಚೀಲಗಳಿಗೆ ಅವರು ಇದನ್ನೇ ನೆಚ್ಚಿಕೊಂಡಿದ್ದರು. 2012ರ ಕೊನೆಗೆ ಬಲ್ಬು, ಶಾಯಿ, ಮಾಸ್ಟರುಗಳ ಮಾರಾಟವೂ ಮುಗಿಯಿತು. ಇವತ್ತು ಯಂತ್ರ ಹಳೆ ಸಾಮಾನಿನ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಬಲ್ಬು ಸಿಗದು. ರಿಸೊ ಕಂಪನಿ ಮಾತ್ರ ಗಟ್ಟಿಯಾಗಿದೆ. 1980ರ ದಶಕದಲ್ಲೇ ಅದು ಇದೇ ಬಿಸಿಪೊರೆಯ ವಿದ್ಯೆಯನ್ನು ಕಚೇರಿ ಯಂತ್ರಕ್ಕೆ ಅಳವಡಿಸಿ ರಿಸೋಗ್ರಾಫ್ ಮಾಡಿತ್ತು. ಪ್ರಶ್ನೆಪತ್ರಿಕೆ, ಕರಪತ್ರಗಳನ್ನು ಗಂಟೆಗೆ ಸಾವಿರಗಟ್ಟಲೆ ಉದುರಿಸುವ ಆ ಯಂತ್ರ ಭಾರತದ ಶಾಲೆ ಕಾಲೇಜುಗಳಿಗೂ ಬಂದಿದೆ. ಊಟದ ಮೇಜಿನ ಗೊಕ್ಕೊ ಅದರ ಒಡಹುಟ್ಟು ಎಂದು ಅಲ್ಲಿ ಹಾಳೆ ತುಂಬುವವರಿಗೆ ಗೊತ್ತಿರುವುದು ಕಷ್ಟ.

ಕಾರ್ಡಿನ ಇಳಿಕೆ ಮಾತ್ರ ನಿಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಅಂಚೆ ಕಾರ್ಡಿನ ಬೆಲೆ 63 ಯೆನ್‌ನಿಂದ 85ಕ್ಕೆ ಹಾರಿತು. 2025ರ ಹೊಸ ವರ್ಷಕ್ಕೆ ಮೊದಲ ಕಂತಿನಲ್ಲಿ ಹೊರಡಿಸಿದ್ದು 107 ಕೋಟಿ, ಇಪ್ಪತ್ತು ವರ್ಷದ ಹಿಂದಿನದರ ಕಾಲುಭಾಗ. ವಯಸ್ಸಾದವರು ಈಗ ನೆಂಗಾಜೊ-ಜಿಮಾಯ್ ಮಾಡುತ್ತಾರೆ, ಅಂದರೆ ಕಾರ್ಡು ಕಳಿಸುವ ವಾಡಿಕೆಗೇ ಮಂಗಳ ಹಾಡುವುದು. ಸುಮ್ಮನೆ ನಿಲ್ಲಿಸುವಂತಿಲ್ಲ, ಮುಂದಿನ ವರ್ಷದಿಂದ ಎಲ್ಲರಿಗೂ ನಿಲ್ಲಿಸುತ್ತಿದ್ದೇನೆ, ತಪ್ಪು ತಿಳಿಯಬೇಡಿ ಎಂದು ಕೊನೆಯ ಕಾರ್ಡಿನಲ್ಲಿ ತಿಳಿಸಬೇಕು. ಎಲ್ಲರಿಗೂ ಎಂಬುದು ಇಲ್ಲಿ ಮುಖ್ಯ, ಇಲ್ಲದಿದ್ದರೆ ನನಗೊಬ್ಬನಿಗೇ ನಿಲ್ಲಿಸಿದ ಎಂದು ಯಾರಾದರೂ ನೊಂದುಕೊಂಡಾರು. ಇದನ್ನು ನೂರು ಸಲ ಬರೆಯುವ ಕಷ್ಟ ಬೇಡವೆಂದು ಕಾಗದ-ಪೆನ್ನಿನ ಅಂಗಡಿಗಳು ಆ ಒಕ್ಕಣೆಯ ಚೀಟಿಗಳನ್ನೂ ರಬ್ಬರ್ ಮುದ್ರೆಗಳನ್ನೂ ಮಾರುತ್ತಿವೆ, ಒಳ್ಳೆಯ ವ್ಯಾಪಾರ. ಮುದ್ರೆ ಒತ್ತಿದ ಮೇಲೆ ಪಕ್ಕದಲ್ಲಿ ಕೈಬರಹದ ಒಂದು ಸಾಲಿಗೆ ಜಾಗ ಬಿಡಿ ಎಂದು ಶಿಷ್ಟಾಚಾರದ ಪುಸ್ತಕಗಳು ಇದಕ್ಕೂ ಹೇಳುತ್ತವೆ.